ಏಳನೇ ಕಾರ್ಡಿನ ಆಯಿ

ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ಸಿನಿಮಾದವರು ಬಂದಿಳಿದರೂ ಮೊದಲ ಫೋನು ಹೋಗುತ್ತಿದ್ದದ್ದು ಪಾಲಬಾವಿಯ ಅಭಿನಂದನನಿಗೆ. ಹೀರೋ ತಡವಾಗಿ ಬಂದರೂ ನಡೆದೀತು, ಇವನು ಬರದೆ ಕ್ಯಾಮೆರಾ ಚಾಲೂ ಆಗುತ್ತಿರಲಿಲ್ಲ. ಕೇಳಲು ಅವನ ಕೆಲಸ ಸಣ್ಣದು. ತುಂಬಿ ಬಂದ ಮೆಮೊರಿ ಕಾರ್ಡನ್ನು ಕ್ಯಾಮೆರಾದವರಿಂದ ಇಸಿದುಕೊಂಡು ಲ್ಯಾಪ್‌ಟಾಪಿಗೆ ಚುಚ್ಚುವುದು, ಅದರಲ್ಲಿದ್ದದ್ದನ್ನು ಎರಡು ಹಾರ್ಡ್‌ಡಿಸ್ಕಿಗೆ ಇಳಿಸುವುದು, ಮೂಲಕ್ಕೂ ಪ್ರತಿಗೂ ನಂಬರು ತಾಳೆಯಾಯಿತೇ ಎಂದು ನೋಡುವುದು, ಆಮೇಲಷ್ಟೇ ‘ಖಾಲಿ ಮಾಡ್ರಿ’ ಅನ್ನುವುದು. ಅವನ ಬಾಯಿಂದ ಆ ಮಾತು ಬರುವ ತನಕ ಕಾರ್ಡನ್ನು ಯಾರೂ ಅಳಿಸುವಂತಿಲ್ಲ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಶಾಟು ಕಳೆದಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳುವುದರಲ್ಲಿ ಅವನೇನೂ ಜಿಪುಣನಲ್ಲ.

ಶೇಡಬಾಳದಲ್ಲಿ ಆದದ್ದು ಎಂಟು ತಿಂಗಳ ಹಿಂದೆ. ಒಂದು ಹಳೆಯ ಜೈನರ ಮನೆಯ ಕಟ್ಟೆಯ ಮೇಲೆ ಭಾವುಸಾಹೇಬರ ನಿರ್ದೇಶನದ ಸಿನಿಮಾ ನಡೆದಿತ್ತು. ಆ ಮನೆಯ ಹಿರಿಯಳು, ಎಂಬತ್ತೆರಡರ ಜಿನಮತಿ ಆಯಿ, ಮೊರದಲ್ಲಿ ಜೋಳ ಹಸನು ಮಾಡುತ್ತ ತನ್ನ ಮದುವೆಯ ದಿನದ ಕತೆ ಹೇಳಬೇಕು, ಅಷ್ಟೇ ದೃಶ್ಯ. ನಟನೆ ಅಂದರೇನೆಂದು ಆಯಿಗೆ ಗೊತ್ತಿರಲಿಲ್ಲ, ಅದಕ್ಕೇ ಅಷ್ಟು ಚೆನ್ನಾಗಿ ಬಂತು. ಭಾವುಸಾಹೇಬರು ಕಟ್ ಹೇಳುವುದನ್ನೂ ಮರೆತು ಕಣ್ಣೊರೆಸಿಕೊಂಡರು.

ಶಾಟು ಮುಗಿದ ಮೇಲೆ ಅಭಿನಂದನ ಕಟ್ಟೆಯ ಹಿಂದಿನ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಏಳನೇ ನಂಬರಿನ ಕಾರ್ಡು ಇಳಿಸಲು ಕೂತ. ಅರವತ್ತೊಂದು ಪರ್ಸೆಂಟ್ ಆಗಿತ್ತು. ಆಯಿ ಬಾಗಿಲಲ್ಲಿ ಬಂದು ನಿಂತಳು.

“ಹೊತ್ತ ಮುಣಗಾಕ ಬಂತು, ಏಳೋ ಮಗಾ. ಉಣ್ಣ ಬಾ.”

ಅಭಿನಂದನನೂ ಜೈನರ ಮನೆಯ ಮಗನೇ. ಆದರೆ ಶೂಟಿಂಗಿಗೆ ಹೋದಲ್ಲಿ ರಾತ್ರಿ ಹನ್ನೊಂದಕ್ಕೆ ತಾಟು ಬಂದರೂ ಉಣ್ಣುತ್ತಿದ್ದ, ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂಬ ನೇಮ ಬಿಟ್ಟು ವರ್ಷಗಳಾಗಿದ್ದವು. “ಹತ್ತ ಮಿನಿಟ್ ಆಯಿ,” ಅಂದ. “ನೀ ನಮ್ಮಂವನ ಹೌದಲ್ಲೋ?” ಅಂದಳು ಆಯಿ. ಅವನಿಗೆ ನಾಚಿಕೆಯಾಯಿತು. ಧೂಳು ಬೀಳಬಾರದೆಂದು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಎದ್ದ. ಮುಚ್ಚಳ ಮುಚ್ಚಿದರೆ ಯಂತ್ರ ಮಲಗುತ್ತದೆ, ಇಳಿಯುತ್ತಿದ್ದದ್ದು ಅರ್ಧಕ್ಕೇ ನಿಲ್ಲುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವನು ಅವನೇ.

ಉಂಡು ಕೈ ಒರೆಸಿಕೊಳ್ಳುತ್ತ ಬಂದಾಗ ಕ್ಯಾಮೆರಾ ಅಸಿಸ್ಟೆಂಟ್ ಅಜರುದ್ದೀನ ಕಾಯುತ್ತಿದ್ದ. ನಿಪ್ಪಾಣಿಯವನು, ಕೇಳದೆ ಒಂದು ತಿರುಪನ್ನೂ ಬಿಚ್ಚದ ಮನುಷ್ಯ. “ಅಣ್ಣಾ, ಏಳನೇದು ಖಾಲಿ ಮಾಡ್ಲ್ಯಾ?” ಅಂದ. ಅಭಿನಂದನ ಹೊಟ್ಟೆ ತುಂಬಿದ ಸಮಾಧಾನದಲ್ಲಿ, ಮುಚ್ಚಳ ಕೂಡ ತೆಗೆಯದೆ, ಕಾರ್ಡು ಕಿತ್ತು ಅವನ ಕೈಗಿಟ್ಟ. “ಮಾಡ್ರಿ, ಎಲ್ಲಾ ಬಂದೈತಿ.”

ಆಯಿಯ ಶಾಟು ಅರ್ಧವೇ ಇಳಿದದ್ದು ಮರುದಿನ ಬಯಲಾಗುವ ಹೊತ್ತಿಗೆ ಆ ಕಾರ್ಡಿನಲ್ಲಿ ಬೇರೆ ಶಾಟುಗಳು ತುಂಬಿದ್ದವು. “ಯಾರ ಹೇಳಿದ್ರಲೇ ನಿನಗ ಅಳಸಾಕ?” ಎಂದು ಭಾವುಸಾಹೇಬರು ಗುಡುಗಿದರು. ಅಜರುದ್ದೀನ ಅಭಿನಂದನನ ಮುಖ ನೋಡಿದ. “ನಾ ಹೇಳಿಲ್ರಿ,” ಅಂದ ಅಭಿನಂದನ. ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು.

ಅಜರುದ್ದೀನನನ್ನು ಅಂದೇ ಮನೆಗೆ ಕಳಿಸಿದರು. ಇನ್ನೊಮ್ಮೆ ಶಾಟು ತೆಗೆಯೋಣ ಅನ್ನುವುದರೊಳಗೆ ಆಯಿ ತೀರಿಕೊಂಡಳು. ಅಜರುದ್ದೀನನನ್ನು ಮುಂದೆ ಯಾವ ಸಿನಿಮಾದವರೂ ಕರೆಯಲಿಲ್ಲ. ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರಿಯಲ್ಲಿ ಕೂಲಿಗೆ ಸೇರಿದ್ದಾನೆಂದು ಸುದ್ದಿ ಬಂತು. ಅಭಿನಂದನ ಆ ಅರ್ಧ ಫೈಲನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡಿದ್ದ. ತೆರೆದರೆ ತೆರೆಯುತ್ತಿರಲಿಲ್ಲ, ಅಳಿಸಲು ಕೈ ಬರುತ್ತಿರಲಿಲ್ಲ.

ದಶಲಕ್ಷಣ ಪರ್ವ ಮುಗಿದ ಮರುದಿನ ಜೈನರು ಒಬ್ಬರಿಗೊಬ್ಬರು ಕೈಮುಗಿದು ‘ಉತ್ತಮ ಕ್ಷಮಾ’ ಎಂದು ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಈ ಸಲ ಆ ದಿನ ಅಭಿನಂದನ ಶಿರಗುಪ್ಪಿಯ ಕಬ್ಬಿನ ಹೊಲದಲ್ಲಿ ಬೇರೊಂದು ಸಿನಿಮಾದ ಕೆಲಸದಲ್ಲಿದ್ದ. ಬೆಳಿಗ್ಗೆಯೇ ಕೈಮುಗಿದ ಚಿತ್ರವೊಂದನ್ನು ವಾಟ್ಸಾಪಿನಲ್ಲಿ ಇನ್ನೂರು ಜನರಿಗೆ ತಳ್ಳಿ ಪುಣ್ಯ ಕಟ್ಟಿಕೊಂಡಿದ್ದ. ಅಜರುದ್ದೀನನ ಹೆಸರು ಬಂದಾಗ ಬೆರಳು ದಾಟಿ ಮುಂದೆ ಹೋಗಿತ್ತು.

ಸಂಜೆ, ಹೊತ್ತು ಮುಳುಗಲು ಅರ್ಧ ತಾಸಿರುವಾಗ, ಲ್ಯಾಪ್‌ಟಾಪಿನಲ್ಲಿ ಕಿಟಕಿಯೊಂದು ತಾನಾಗಿ ತೆರೆಯಿತು. ಕಾರ್ಡು ಏಳು. ಅರವತ್ತೊಂದು ಪರ್ಸೆಂಟ್. ಅವನು ನೋಡುತ್ತಿದ್ದಂತೆ ಅರವತ್ತೆರಡಾಯಿತು. ಕಾರ್ಡು ಚುಚ್ಚುವ ಕಿಂಡಿಗೆ ಬೆರಳಿಟ್ಟು ನೋಡಿದ, ಖಾಲಿ. ಮೂಲೆಯ ಸಣ್ಣ ಚಿತ್ರದಲ್ಲಿ ಆಯಿ ಜೋಳ ಹಸನು ಮಾಡುತ್ತಿದ್ದಳು. ಹೊತ್ತು ಮುಳುಗಿತು, ಎಪ್ಪತ್ತಕ್ಕೆ ನಿಂತಿತು.

ಮರುದಿನ ಅದೇ ಹೊತ್ತಿಗೆ ಮತ್ತೆ. ಯಂತ್ರ ಆರಿಸಿದರೆ ತಾನೇ ಹೊತ್ತಿಕೊಂಡಿತು, ಮುಚ್ಚಳ ಮುಚ್ಚಿದರೂ ಒಳಗೆ ಮೊರದಲ್ಲಿ ಜೋಳ ಕೇರುವ ಸದ್ದು ನಿಲ್ಲಲಿಲ್ಲ. ಆದರೆ ಸೂರ್ಯ ಮುಳುಗಿದ ಮೇಲೆ ಒಂದು ಚೂರೂ ಮುಂದೆ ಹೋಗುತ್ತಿರಲಿಲ್ಲ. ಆಯಿ ಬದುಕಿದ್ದಾಗ ಕಾಯ್ದ ನೇಮವನ್ನು ಈಗಲೂ ಬಿಟ್ಟಿಲ್ಲ ಎಂದು ಅವನಿಗೆ ಅನ್ನಿಸಿತು.

ನಾಲ್ಕನೇ ಸಂಜೆ ತೊಂಬತ್ತೊಂಬತ್ತಾಯಿತು. ಚಿತ್ರ ಪರದೆ ತುಂಬ ಹರಡಿತು. ಆಯಿಯ ಹಿಂದೆ ಬಾಗಿಲು, ಬಾಗಿಲಾಚೆ ಪಡಸಾಲೆಯ ಮೇಜು. ಮೇಜಿನ ಬಳಿ ಅವನೇ ಇದ್ದ, ಎದುರಿಗೆ ಅಜರುದ್ದೀನ. ಶಾಟು ತೆಗೆಯುವಾಗ ಆ ಮೇಜು ಅಲ್ಲಿರಲೇ ಇಲ್ಲ. ಚಿತ್ರದೊಳಗಿನ ಅಭಿನಂದನ ಒಂದು ಕಾರ್ಡು ಕೊಡುತ್ತಿದ್ದ, “ಮಾಡ್ರಿ, ಎಲ್ಲಾ ಬಂದೈತಿ,” ಅನ್ನುತ್ತಿದ್ದ. ಯಾವ ಕಾರ್ಡಿನಲ್ಲಿ ಈ ಚಿತ್ರವಿತ್ತೋ ಅದೇ ಕಾರ್ಡು ಚಿತ್ರದೊಳಗೆ ಅಜರುದ್ದೀನನ ಕೈಯಲ್ಲಿತ್ತು.

ಆಯಿ ಮೊರ ಕೆಳಗಿಟ್ಟು ನೇರ ಅವನತ್ತ ತಿರುಗಿ ಕೈಮುಗಿದಳು. “ನಾ ಉಣ್ಣಾಕ ಕರದು ನಿನ್ನ ಕೆಲಸಾ ಕೆಡಿಸಿದ್ನಿ ಮಗಾ. ಉತ್ತಮ ಕ್ಷಮಾ.”

ಅಭಿನಂದನನಿಗೆ ಅಳು ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಕೈಮುಗಿದು “ಉತ್ತಮ ಕ್ಷಮಾ, ಆಯಿ,” ಅಂದ. ಆಯಿ ಕೈ ಇಳಿಸಲಿಲ್ಲ. ಚಿತ್ರ ನಿಂತಿರಲಿಲ್ಲ, ಅವಳ ರೆಪ್ಪೆ ಬಡಿಯುತ್ತಿತ್ತು, ಜೋಳದ ಮೇಲೆ ನೊಣ ಹಾರಾಡುತ್ತಿತ್ತು. ಹಿಂದೆ ಅಜರುದ್ದೀನನೂ ಕಾರ್ಡು ಹಿಡಿದು ನಿಂತೇ ಇದ್ದ. ಮುಂದಿನ ಮೂರು ಸಂಜೆಯೂ ಹಾಗೇ, ತೊಂಬತ್ತೊಂಬತ್ತು, ಮುಗಿದ ಕೈ, ಕಾಯುವ ಕಣ್ಣು. ತನಗಲ್ಲ, ಇನ್ನೊಬ್ಬರಿಗೆ ಸಲ್ಲಬೇಕಾದ ಮಾತಿಗೆ ಆಯಿ ಕಾಯುತ್ತಿದ್ದಾಳೆಂದು ಅವಳು ಕೈಮುಗಿದ ಸಂಜೆಯೇ ಅವನಿಗೆ ತಿಳಿದಿತ್ತು. ತಿಳಿದ ಮಾತು ಆಡಿದರೆ ಹನ್ನೊಂದು ವರ್ಷದ ಹೆಸರು ಮಣ್ಣುಪಾಲು. ಅದಕ್ಕೇ ಮೂರು ದಿನ ತಿಳಿಯದವನ ಹಾಗೆ ಇದ್ದ.

ಅದರ ಮರುದಿನ ಮೋಟರ್‌ಸೈಕಲ್ ಹತ್ತಿ ನಿಪ್ಪಾಣಿಗೆ ಹೋದ. ಹೊತ್ತು ಇಳಿಯುವಾಗ ವಖಾರಿಯ ಹೊರಗೆ ಅಜರುದ್ದೀನ ಮೈಗಂಟಿದ ತಂಬಾಕಿನ ಪುಡಿ ಕೊಡವುತ್ತಿದ್ದ. ಅವನು ಬಾ ಅನ್ನಲಿಲ್ಲ, ಕೂಡು ಅನ್ನಲಿಲ್ಲ. ಅಭಿನಂದನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ಭಾವುಸಾಹೇಬರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ.

“ಸಾಹೇಬ್ರ, ಶೇಡಬಾಳದಾಗ ಏಳನೇ ಕಾರ್ಡ್ ಖಾಲಿ ಮಾಡು ಅಂತ ಹೇಳಿದಂವ ನಾನ ರೀ. ಅಜರುದ್ದೀನ ಕೇಳಿದ್ದ. ನಾ ತಗದ ನೋಡದ ಹೂಂ ಅಂದ್ನಿ. ಆಮ್ಯಾಲೆ ನಿಮ್ಮ ಮುಂದ ಸುಳ್ಳ ಹೇಳಿದ್ನಿ.”

“ಇನ್ನ ನನ್ನ ಸೆಟ್ಟಿನಾಗ ಕಾಲ ಇಡಬ್ಯಾಡ,” ಅಂದರು ಭಾವುಸಾಹೇಬರು, ಫೋನು ಕಟ್ಟಾಯಿತು.

ಅಭಿನಂದನ ಅಜರುದ್ದೀನನತ್ತ ತಿರುಗಿ ಕೈಮುಗಿದ. “ತಪ್ಪಾತ್ರಿ ಅಜರುದ್ದೀನಣ್ಣಾ. ನಿಮ್ಮ ಅನ್ನಾ ಕಸಕೊಂಡ್ನಿ.”

ಅಜರುದ್ದೀನನ ಕಣ್ಣು ಪರದೆಯ ಮೇಲಿತ್ತು. ಅಲ್ಲಿ ಆಯಿಯ ಮುಗಿದ ಕೈಗಳು ಮೆಲ್ಲಗೆ ಇಳಿದವು. ಮೊರ ಎತ್ತಿಕೊಂಡು ಮತ್ತೆ ಜೋಳ ಕೇರತೊಡಗಿದಳು, ಮದುವೆಯ ದಿನದ ಕತೆ ಶುರುಮಾಡಿದಳು. ಹಿಂದಿನ ಪಡಸಾಲೆಯಲ್ಲಿ ಮೇಜೂ ಇಲ್ಲ, ಮನುಷ್ಯರೂ ಇಲ್ಲ. ನೂರು ಪರ್ಸೆಂಟ್.

“ಕಾರ್ಡ್ ಎಲ್ಲೈತ್ರಿ?” ಎಂದು ಅಜರುದ್ದೀನ ಬಗ್ಗಿ ಕಿಂಡಿ ನೋಡಿದ.

“ನಿಮ್ಮ ಕಡೆ ಇರಬೇಕು ಅನಕೊಂಡಿದ್ನಿ.”

“ಅದರಾಗಿನ ಶಾಟ್ ಇಳಿಸ್ಕೊಂಡ, ಹಾಳ ಕಾರ್ಡ್ ಅಂತ ನನ್ನ ಕೈಯಾಗ ಇಟ್ಟ ಕಳಿಸಿದ್ರು ಅವತ್ತ. ಕೃಷ್ಣಾ ಹೊಳಿ ದಾಟೂ ಮುಂದ ನೀರಾಗ ಒಗದ್ನಿ.”

ವಖಾರಿಯ ತಗಡಿನ ಅಂಚಿಗೆ ಸೂರ್ಯ ತಾಗಿತ್ತು. ಅಭಿನಂದನನ ಕೈ ಅಭ್ಯಾಸಬಲದಿಂದ ಮುಚ್ಚಳದ ಕಡೆ ಹೋಯಿತು. ಅಜರುದ್ದೀನ ಆ ಕೈ ಹಿಡಿದ, ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತ.

“ಇನ್ನೊಂದ ಡಿಸ್ಕಿಗೆ ಇಳಸ್ರಿ,” ಅಂದ. “ಈ ಸಲಾ ನಂಬರ್ ತಾಳೆ ಆಗೂಮಟಾ ನಾ ಇಲ್ಲೇ ಕುಂದರ್ತೇನಿ.”