ಹೊಗೆಯಮ್ಮ ಬೈಯುವುದಿಲ್ಲ

ನನ್ನ ಮಗಳು ನನ್ನ ಕೈ ಹಿಡಿಯುವ ಮೊದಲು ಅಂಗೈ ಮೂಸಿ ನೋಡತೊಡಗಿದ್ದು ನಾಲ್ಕನೆಯ ಸೀಸನ್ ಶುರುವಾದ ಮೇಲೆ. ಹೊಗೆಯ ವಾಸನೆ ಇಲ್ಲವೆಂದು ಖಾತ್ರಿಯಾದರೆ ಹಿಡಿಯುತ್ತಿದ್ದಳು, ಅದೂ ಎರಡೇ ಬೆರಳು. ಆರು ವರ್ಷದ ಹುಡುಗಿ. ನಿಂತಲ್ಲಿ ನಿಲ್ಲದವಳೆಂದು ಎಲ್ಲರೂ ಚೂಟಿ ಎಂದೇ ಕರೆಯುವುದು.

ನಾನು ಕಾರ್ಟೂನುಗಳಿಗೆ ದನಿ ಕೊಡುವವಳು. ಅಳಿಲು, ಮುಳ್ಳುಹಂದಿ, ಮುನಿಸಿಕೊಳ್ಳುವ ಕೊಡೆ, ಯಾವುದಕ್ಕೂ ಒಲ್ಲೆ ಎಂದವಳಲ್ಲ, ಹೊಟ್ಟೆಪಾಡು. ಹೊಗೆಯಮ್ಮ ಸಿಕ್ಕಿದ ಮೇಲೆ ಅದೃಷ್ಟ ಖುಲಾಯಿಸಿತು. ಮೋಡದ ಕೋಟೆಯೊಂದರ ಚಿಮಣಿಯಲ್ಲಿ ವಾಸಿಸುವ, ಬರೀ ಹೊಗೆಯಿಂದಾದ ಹೆಂಗಸು ಅವಳು. ಮೊದಲ ಸೀಸನ್ನಿನಲ್ಲಿ ಚಳಿಗೆ ನಡುಗುವ ಮಕ್ಕಳನ್ನು ಬೆಚ್ಚಗಿಡುವುದೇ ಅವಳ ಕೆಲಸ. ಸೀನಿದರೆ ಅರ್ಧ ಮೈ ಹಾರಿಹೋಗುತ್ತಿತ್ತು, ಅದನ್ನು ಹುಡುಕಿಕೊಂಡು ಉಳಿದರ್ಧ ಓಡುತ್ತಿತ್ತು. ಚೂಟಿ ಮೊದಲು ಬೀದಿಯಲ್ಲಿ, ಆಮೇಲೆ ಶಾಲೆಯಲ್ಲಿ ಡಂಗುರ ಸಾರಿದಳು: "ಹೊಗೆಯಮ್ಮ ನಮ್ಮಮ್ಮಾನೇ!"

ಎರಡನೆಯ ಸೀಸನ್ನಿನಲ್ಲಿ ಹೊಗೆಯಮ್ಮನ ಮಗಳು ಬಿರುಗಾಳಿಗೆ ಸಿಕ್ಕಿ ಕಾಣೆಯಾದಳು. ಮೂರನೆಯದರಲ್ಲಿ ಹೊಗೆಯಮ್ಮ ಬೇರೆಯವರ ಮಕ್ಕಳನ್ನು ತನ್ನ ಮಗಳೆಂದೇ ತಿಳಿಯತೊಡಗಿದಳು. ನಾಲ್ಕನೆಯದರಲ್ಲಿ ಆ ಭ್ರಮೆಯೂ ಉಳಿಯಲಿಲ್ಲ. ಗೊತ್ತಿದ್ದೂ ಕರೆಯುತ್ತಾಳೆ, ಬಂದ ಮಗುವನ್ನು ತಬ್ಬುತ್ತಾಳೆ, ತಬ್ಬಿದ ಮಗು ಹೊಗೆಯಾಗಿಬಿಡುತ್ತದೆ.

"ಇಷ್ಟು ಕೆಟ್ಟವಳನ್ನ ಮಾಡ್ಬೇಕಿತ್ತಾ?" ಎಂದು ನಿರ್ದೇಶಕನನ್ನು ಕೇಳಿದೆ.

"ಪಾತ್ರ ಬೆಳೀಬೇಕಲ್ಲ ಮೇಡಂ. ಐದನೇ ಸೀಸನ್ನಲ್ಲಿ ತಿದ್ಕೋತಾಳೆ. ನಡುವೆ ಕೆಡದೇ ಇದ್ರೆ ಕೊನೇಲಿ ತಿದ್ಕೊಳ್ಳೋದು ಏನನ್ನ?" ಎಂದ. ಅವನಿಗೇನು, ಮನೆಯಲ್ಲಿ ಮಕ್ಕಳಿಲ್ಲ.

ಮಗುವನ್ನು ಕರೆಯುವ ಮೊದಲ ದೃಶ್ಯಕ್ಕೆ ನಾನು ಗುಡುಗಿಬಿಟ್ಟೆ. ಮೈಕಿನ ಮುಂದೆ ಅಷ್ಟು ಎತ್ತರಕ್ಕೆ ಹೋದದ್ದಕ್ಕೆ ನನಗೇ ಹೆಮ್ಮೆ. ನಿರ್ದೇಶಕ ಗಾಜಿನಾಚೆಯಿಂದ ಕೈಯಾಡಿಸಿದ.

"ಬೇಡ ಬೇಡ. ಕಿರುಚಿದ್ರೆ ಮಕ್ಕಳು ಹೆದರಲ್ಲ, ಕಿವಿ ಮುಚ್ಕೋತಾರೆ ಅಷ್ಟೇ. ಹೊಗೆಯಮ್ಮ ಬೈಯೋದೇ ಇಲ್ಲ. ಮಗಳನ್ನ ಮಲಗಿಸ್ತೀರಲ್ಲ ಮನೇಲಿ, ಆ ದನಿ ಕೊಡಿ."

ಕೊಟ್ಟೆ. "ಬಾ ಕಂದ... ಬಾ ನನ್ನ ಬಂಗಾರ... ಅಮ್ಮ ಇದ್ದೀನಲ್ಲ..." ರೆಕಾರ್ಡಿಂಗ್ ಮಾಡುತ್ತಿದ್ದವನು ತೋಳು ಉಜ್ಜಿಕೊಂಡ, ರೋಮ ಎದ್ದಿತ್ತಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಮನೆಯದೇ ಒಂದು ವಸ್ತುವನ್ನು ಎತ್ತಿ ಕೊಟ್ಟು ಬಂದಿದ್ದೇನೆಂದು ತಲೆಗೆ ಹೋಗಲಿಲ್ಲ.

ಆ ಸೀಸನ್ನನ್ನು ಚೂಟಿ ನೋಡಕೂಡದೆಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿದೆ. "ನೀನು ಚಾಪೆ ಕೆಳಗೆ ತೂರಿದ್ರೆ ನಿನ್ನ ಮಗಳು ರಂಗೋಲಿ ಕೆಳಗೆ ತೂರ್ತಾಳೆ" ಎಂದರು ಅತ್ತೆ. ನಿಜವಾಯಿತು. ಪಕ್ಕದ ಮನೆಯಲ್ಲಿ ಕೂತು ಬಂದ ಕಂತುಗಳನ್ನೆಲ್ಲ ನೋಡಿದ್ದಳು. ಅಲ್ಲಿಯ ಮಕ್ಕಳ ಜೊತೆ ಹೊಸ ಆಟವನ್ನೂ ಕಲಿತಿದ್ದಳು. ಹೊಗೆಯಮ್ಮನಿಗೆ ಬೆನ್ನು ತೋರಿಸಿದರೆ ಹಿಡಿಯುತ್ತಾಳಂತೆ. ಅವಳ ಕಣ್ಣನ್ನೇ ನೋಡುತ್ತ ಹಿಂದಕ್ಕೆ ಹಿಂದಕ್ಕೆ ನಡೆದರೆ ಮಾತ್ರ ಪಾರು. ಆ ಸಾಲು ಕಥೆಯಲ್ಲಿಯೇ ಇತ್ತು, ಮುದಿ ಗೂಬೆಯೊಂದು ಮಕ್ಕಳಿಗೆ ಹೇಳಿಕೊಡುತ್ತದೆ. ಮಹಡಿಯ ಮಕ್ಕಳೆಲ್ಲ ಮೆಟ್ಟಿಲ ಬಳಿ ಹಿಂದಕ್ಕೆ ನಡೆಯುತ್ತ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

ಒಂದು ಸಂಜೆ ಸ್ನಾನಕ್ಕೆ ಕರೆದೆ. "ಬಾ ಬಂಗಾರ, ನೀರು ಆರೋಗುತ್ತೆ." ಚೂಟಿ ನನ್ನನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಹಿಂದಿಟ್ಟು ಅತ್ತೆಯ ಕೋಣೆ ಸೇರಿಕೊಂಡಳು. ಅವಳ ಮುಖದಲ್ಲಿ ಆಟ ಇರಲಿಲ್ಲ.

ಅಂದಿನಿಂದ ಅಜ್ಜಿಯ ಪಕ್ಕದಲ್ಲೇ ಮಲಗತೊಡಗಿದಳು. ಅವಳ ಅಪ್ಪ ಲಾರಿ ಓಡಿಸುವವನು, ವಾರಗಟ್ಟಲೆ ಊರಿಂದೂರಿಗೆ. ಫೋನಿನಲ್ಲಿ ಹೇಳಿದರೆ "ಮಕ್ಕಳು, ಮರೀತಾರೆ ಬಿಡು" ಎಂದು ನಕ್ಕ. ನನಗೂ ಹಾಗೇ ಅನಿಸಬಹುದಿತ್ತು. ಆದರೆ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ ಅವಳು ಅಜ್ಜಿಯ ಕಿವಿಯಲ್ಲಿ ಕೇಳಿದ್ದು ನನ್ನ ಕಿವಿಗೂ ಬಿತ್ತು.

"ಅಜ್ಜಿ, ಮೊದಲ್ನೇ ಸೀಸನ್ ಅಮ್ಮ ಯಾವಾಗ ವಾಪಸ್ ಬರ್ತಾಳೆ?"

ಅತ್ತೆಗೆ ನಗು ಬಂತು. ಮಗಳು ನನ್ನ ಮನೆಯಲ್ಲೇ, ನನ್ನ ಕಣ್ಣೆದುರೇ ನನ್ನನ್ನು ಕಳೆದುಕೊಂಡು ಕೂತಿದ್ದಾಳೆ ಎನಿಸಿ ನನಗೆ ಭಯವಾಯಿತು. ಆ ಭಯದಲ್ಲೇ ನಾನು ಮಹಾ ತಪ್ಪು ಮಾಡಿದೆ. ಬೈಯುವುದನ್ನು ನಿಲ್ಲಿಸಿಬಿಟ್ಟೆ. ಹುಟ್ಟಿದಾಗಿನಿಂದ ಬಾಯಿಬಡುಕಿ ನಾನು. ಹಾಲು ಚೆಲ್ಲಿದರೂ, ಗೋಡೆಗೆ ಗೀಚಿದರೂ ಈಗ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತು. "ಪರವಾಗಿಲ್ಲ ಕಂದ. ಬಾ ಕಂದ." ಮೆತ್ತಗಾದಷ್ಟೂ ಅವಳು ಗೋಡೆಗೆ ಒತ್ತಿಕೊಳ್ಳುತ್ತಿದ್ದಳು. ಇನ್ನೂ ಮೆತ್ತಗಾಗುತ್ತಿದ್ದೆ.

"ಅತಿಯಾದ್ರೆ ಅಮೃತಾನೂ ವಿಷ ಕಣೆ" ಎಂದರು ಅತ್ತೆ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಾಲ್ಕನೆಯ ಸೀಸನ್ನಿನ ಕೊನೆಯ ಕಂತು ಮುಗಿಸಿ ಮಧ್ಯಾಹ್ನವೇ ಮನೆಗೆ ಬಂದೆ. ಅತ್ತೆ ಒಣಗಿದ ಬಟ್ಟೆಯ ಗಂಟನ್ನು ಮಂಚದ ಮೇಲೆ ಹಾಕಿ ಮಂಡಿ ನೀವಿಕೊಳ್ಳುತ್ತಿದ್ದರು.

"ಚೂಟಿ ಎಲ್ಲಿ?"

"ಮೇಲೆ. ಕ್ಲಿಪ್ಪು ಆರಿಸ್ಕೊಂಡು ಬರ್ತೀನಿ ಅಂದ್ಲು."

"ಮೇಲೆ ಒಬ್ಬಳನ್ನೇ ಬಿಟ್ರಾ? ಹಿಂದಿನ ಗೋಡೆ ಒಡೆದಿದಾರಲ್ಲ ಅತ್ತೆ!"

ತಾರಸಿಯ ಹಿಂಬದಿಯ ಮೋಟುಗೋಡೆ ಬಿರುಕು ಬಿಟ್ಟಿತ್ತೆಂದು ಗಾರೆಯವರು ಅದನ್ನು ಕೆಡವಿ, ಆ ಜಾಗಕ್ಕೆ ಒಂದು ಹಗ್ಗ ಕಟ್ಟಿ ಹೋಗಿದ್ದರು. ಹಗ್ಗ ನನ್ನ ಎದೆಯೆತ್ತರ. ಅದರಾಚೆ ನಾಲ್ಕು ಮಹಡಿಯ ಕೆಳಗೆ ಸಿಮೆಂಟಿನ ಅಂಗಳ. ಅತ್ತೆಯ ಮುಖ ಬಿಳಿಚಿತು. ನಾನು ಮೆಟ್ಟಿಲು ಹತ್ತಿದೆನೋ ಹಾರಿದೆನೋ.

ತಂತಿಯ ಮೇಲೆ ಬಿಳಿ ಹಾಸುಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು. ಒಂದನ್ನು ಸರಿಸಿ ಆಚೆ ಬಂದೆ. ಚೂಟಿ ತಾರಸಿಯ ನಡುವೆ ಕ್ಲಿಪ್ಪಿನ ಬುಟ್ಟಿ ಹಿಡಿದು ಬರಿಗಾಲಲ್ಲಿ ನಿಂತಿದ್ದಳು. ಬಿಳಿಯೊಳಗಿಂದ ನಾನು ಎದ್ದು ಬಂದದ್ದನ್ನು ನೋಡಿದಳು. ನನಗೆ ಅವಳು ಸಿಕ್ಕಳೆಂಬ ಸಮಾಧಾನ ಎಷ್ಟಾಯಿತೆಂದರೆ ಮಾತು ತಾನಾಗಿ ಬಂತು.

"ಬಾ ಕಂದ... ಬಾ ನನ್ನ ಬಂಗಾರ... ಅಮ್ಮ ಇದ್ದೀನಲ್ಲ..."

ಬುಟ್ಟಿ ಕೆಳಗೆ ಬಿತ್ತು. ನನ್ನ ಕಣ್ಣನ್ನೇ ನೋಡುತ್ತ ಅವಳು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಇನ್ನೊಂದು.

"ಬೇಡ ಪುಟ್ಟ, ಹಿಂದೆ ಹೋಗಬೇಡ" ಎಂದೆ, ಇನ್ನೂ ಮೆತ್ತಗೆ. ಅವಳು ಬೇಗ ಬೇಗ ಹೆಜ್ಜೆ ಹಾಕಿದಳು. ನಾನು ಮುಂದಡಿಯಿಟ್ಟರೆ ಅವಳು ಎರಡಡಿ ಹಿಂದೆ ಸರಿಯುತ್ತಾಳೆ. ಓಡಿದರೆ ಅವಳೂ ಓಡುತ್ತಾಳೆ, ಹಿಂದಕ್ಕೇ. ಅವಳ ತಲೆಯ ಹಿಂದೆ ಹಗ್ಗ ಕಂಡಿತು. ಅದು ಅವಳಿಗೆ ತಗಲುವುದೂ ಇಲ್ಲ, ಕೆಳಗಿಂದ ನುಸುಳಿಬಿಡುತ್ತಾಳೆ. ಜೀವ ಬಾಯಿಗೆ ಬಂತು. ಬಾಯಿಗೆ ಬಂದ ಜೀವ ಮತ್ತೆ "ಕಂದ" ಎನ್ನಹೊರಟಿತ್ತು. ಹೊಗೆಯಮ್ಮ ಬೈಯೋದೇ ಇಲ್ಲ ಎಂದ ನಿರ್ದೇಶಕನ ಮಾತು ನೆನಪಾಗದಿದ್ದರೆ ಏನಾಗುತ್ತಿತ್ತೋ, ಯೋಚಿಸಲಾರೆ.

"ಏಯ್ ಕತ್ತೆ!" ಎಂದು ಅರಚಿದೆ. "ಚಪ್ಪಲಿ ಎಲ್ಲೇ? ಎಷ್ಟು ಸಲ ಬಡ್ಕೋಬೇಕು ನಾನು, ಬರಿಗಾಲಲ್ಲಿ ಮೇಲೆ ಬರಬೇಡ ಅಂತ? ಆ ಫ್ರಾಕ್ ನೋಡು, ಬೆಳಿಗ್ಗೆ ಹಾಕಿದ್ದು! ಮೂಗು ಯಾರು ಒರೆಸ್ತಾರೆ, ನಿಮ್ಮ ತಾತ ಬರ್ತಾನಾ? ಕ್ಲಿಪ್ಪೆಲ್ಲ ಚೆಲ್ಲಿದೀಯಲ್ಲ, ಯಾರು ಆರಿಸೋದು? ಬಾರೇ ಇಲ್ಲಿ!"

ಚೂಟಿ ನಿಂತಳು. ಹಿಮ್ಮಡಿ ಅಂಚಿಗೆ ಅಂಟಿಕೊಂಡೇ ಇತ್ತು. ಕೆಳತುಟಿ ನಡುಗಿತು. ಮುಖ ಹುಳ್ಳಗಾಯಿತು, ಭಯದಿಂದಲ್ಲ, ಅವಮಾನದಿಂದ.

"ಅಜ್ಜೀನೇ... ಅಜ್ಜೀನೇ ಚಪ್ಪಲಿ ಬೇಡ ಅಂದಿದ್ದು!" ಎಂದು ಗೋಳೋ ಎನ್ನುತ್ತ ಓಡಿ ಬಂದು ನನ್ನ ಮಂಡಿಗೆ ಡಿಕ್ಕಿ ಹೊಡೆದಳು. ಅಂಗೈ ಮೂಸಲಿಲ್ಲ.

ಅಲ್ಲೇ ಕೂತೆ. ಅವಳನ್ನು ಎದೆಗೊತ್ತಿಕೊಂಡು ಸಮಾಧಾನದ ಒಂದು ಮಾತು ಹೇಳಲೆಂದು ಬಾಯಿ ತೆರೆದೆ. ದನಿ ಇಳಿಯುವುದು ಅವಳಿಗೆ ಮೊದಲೇ ಗೊತ್ತಾಯಿತೋ ಏನೋ, ಪುಟ್ಟ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಇನ್ನೂ ಬೈಯಮ್ಮ."

ಬೈದೆ. ಮುರಿದ ಪೆನ್ಸಿಲ್ಲಿಗೆ, ಚೆಲ್ಲಿದ ಹಾಲಿಗೆ, ಗೋಡೆಯ ಗೀಚಿಗೆ, ಇಷ್ಟು ದಿನ ನುಂಗಿಕೊಂಡಿದ್ದಕ್ಕೆಲ್ಲ ಬಡ್ಡಿ ಸಮೇತ ಬೈದೆ. ಅವಳನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವಷ್ಟೂ ಹೊತ್ತು ಕಣ್ಣೀರು ಸುರಿಸುತ್ತ ಬೈದೆ. ಅವಳು ನನ್ನ ಹೆಗಲ ಮೇಲೆ ಗಲ್ಲವಿಟ್ಟುಕೊಂಡು ಒಂದೊಂದಕ್ಕೂ "ಹೂಂ" ಎನ್ನುತ್ತಿದ್ದಳು.

ಬಾಗಿಲಲ್ಲಿ ಅತ್ತೆ ಎದೆ ಹಿಡಿದುಕೊಂಡು ನಿಂತಿದ್ದರು. "ಸಾಕು ಬಿಡೇ, ಮಗೂನ ಯಾಕೆ ಹಾಗೆ ಬೈತೀಯ? ತಪ್ಪು ನಂದು."

"ಸುಮ್ನಿರಜ್ಜಿ" ಎಂದಳು ಚೂಟಿ. "ಇವ್ಳು ನಮ್ಮಮ್ಮಾನೇ."

ಈಗ ಅವಳು ಮತ್ತೆ ನನ್ನ ಪಕ್ಕ ಮಲಗುತ್ತಾಳೆ. ಗದರಿಸಿದರೇ ನಿದ್ದೆ ಬರುವುದು. ಐದನೆಯ ಸೀಸನ್ನಿನ ಸಂಭಾಷಣೆ ಬಂದಿದೆ, ಹೊಗೆಯಮ್ಮ ಒಳ್ಳೆಯವಳಾಗುತ್ತಾಳಂತೆ. ಆ ಮೆತ್ತಗಿನ ದನಿ ಮಾತ್ರ ನನ್ನ ಗಂಟಲಲ್ಲಿ ಹಾಗೇ ಇದೆ. ಮಗಳು ಪಕ್ಕದಲ್ಲಿರುವಾಗ ಅದು ಎಲ್ಲಿ ಜಾರಿಬಿಡುತ್ತದೋ ಎಂದು ನಾನು ಮಾತು ಮಾತಿಗೂ ಹೆದರುತ್ತೇನೆ.