ಎರಡನೇ ಚಿರತೆ

ನಮ್ಮೂರಿಗೆ ಎರಡನೇ ಚಿರತೆಯನ್ನು ತಂದವನು ನಾನೇ. ನಾನು ಅಂದರೆ ಹಾಲಿನ ಡೇರಿ ಸೆಕ್ರೆಟರಿ ಮಹಾದೇವಸ್ವಾಮಿ. ಮೊದಲನೆಯದು ತಾನಾಗಿಯೇ ಬಂದಿತ್ತು.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ನಾಲೆ ದಾಟಿದರೆ ನಮ್ಮೂರು. ಸುತ್ತ ಕಬ್ಬು. ಅದರೊಳಗೆ ಸೇರಿಕೊಂಡ ಚಿರತೆ ಮೂರು ಮೇಕೆ, ಎರಡು ನಾಯಿ ತಿಂದ ಮೇಲೆ ಅರಣ್ಯ ಇಲಾಖೆಯವರು ಬೋನು ಇಟ್ಟರು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ನಾನು ಆನ್‌ಲೈನಿನಲ್ಲಿ ಒಂದು ಕ್ಯಾಮೆರಾ ತರಿಸಿ ನಾಲೆ ಏರಿಯ ಹುಣಸೆಮರಕ್ಕೆ ಕಟ್ಟಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಹಾಗಾಯಿತು ನನ್ನ ಕಥೆ.

ಶನಿವಾರ ಚಿರತೆ ನಂಜನಗೂಡಿನ ದಿಕ್ಕಿಗೆ ನಡೆದುಹೋಗುವ ಫೋಟೋ ಬಿತ್ತು. ಸೋಮವಾರ ನರಸೀಪುರದ ದಿಕ್ಕಿಗೆ. ಎರಡನ್ನೂ ಫೋನಿನಲ್ಲಿ ಹಿಗ್ಗಿಸಿ, ಮೈಮೇಲಿನ ಮಚ್ಚೆಗಳನ್ನು ಒಂದೊಂದಾಗಿ ಹೋಲಿಸಿದೆ. ಒಂದಕ್ಕೊಂದು ಏನೂ ತಾಳೆಯಾಗಲಿಲ್ಲ. ‘ಚಿರತೆ ಒಂದಲ್ಲ, ಎರಡು’ ಎಂದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಕಬ್ಬು ಕಡಿಯುವವರು ಗದ್ದೆಗೆ ಇಳಿಯುವುದನ್ನೇ ಬಿಟ್ಟರು.

ಬುಧವಾರ ಬೆಳಿಗ್ಗೆ ಬೋನಿಗೆ ಚಿರತೆ ಬಿತ್ತು. ಇನ್ನೊಂದಿದೆಯೆಂಬ ನನ್ನ ಮಾತಿಗೆ ಇಲಾಖೆಯವರು ಅಲ್ಲೇ ಮತ್ತೆ ಬೋನು ಇಟ್ಟರು. ಅಂದು ಹಾಲು ಹಾಕಲು ಬಂದ ಚಿಕ್ಕಮಾದಮ್ಮನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು. ಆಕೆ ಗಂಡ ಸತ್ತ ಹೆಂಗಸು, ಜಮೀನಿಲ್ಲ. ಇರುವುದು ಗೌರಿ ಎಂಬ ಒಂದೇ ಸೀಮೆ ಹಸು, ಅದರ ಹೊಟ್ಟೆಗೆ ನಾಲೆ ಏರಿಯ ಹುಲ್ಲು. ಚಿರತೆ ಬಂದಾಗಿನಿಂದ ಆ ಹುಲ್ಲು ನಿಂತು, ಏಳು ಲೀಟರ್ ಹಾಲು ಮೂರಕ್ಕೆ ಇಳಿದಿತ್ತು.

“ನಾಳಿಂದ ಕುಡ್ಲು ಎತ್ಕಂಡು ಏರಿಗೆ ಹುಲ್ಲು ಕುಯ್ಯಕ್ಕೆ ಓಯ್ತೀನಿ ಕಣಪ್ಪ ಸೆಕೆಟ್ರಿ,” ಅಂದಳು.

“ಇನ್ನೊಂದು ಅಲ್ಲೇ ಇದೆ ಮಾದಕ್ಕ. ನಾನೇ ಕಣ್ಣಾರೆ ನೋಡಿವ್ನಿ. ಜೀವ ಓದ್ರೆ ಯಾರು ತಂದುಕೊಡ್ತಾರೆ?”

ನಗು ಅಲ್ಲಿಗೇ ಇಂಗಿತು. ನನ್ನ ಮಾತೆಂದರೆ ಆಕೆಗೆ ಅಷ್ಟು ನಂಬಿಕೆ. ಒಂಬತ್ತು ದಿನ ನೋಡಿ, ಕೊನೆಗೆ ಗೌರಿಯನ್ನು ತಾಂಡವಪುರದವನೊಬ್ಬನಿಗೆ ಮಾರಲು ಒಪ್ಪಿಕೊಂಡಳು. ಹತ್ತನೇ ದಿನ, ಶನಿವಾರ, ಅವನು ಟೆಂಪೊ ತರುವುದಿತ್ತು. ಹಸು ಹೋದರೂ ಆಕೆಯ ಜೀವ ಉಳಿಸಿದೆನಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಆ ಶನಿವಾರ ಬೆಳಿಗ್ಗೆಯೇ ಡೇರಿಗೆ ಪವಿತ್ರಾ ಬಂದರು. ಮೈಸೂರಿನಲ್ಲಿದ್ದುಕೊಂಡು ಚಿರತೆಗಳ ಬಗ್ಗೆ ಸಂಶೋಧನೆ ಮಾಡುವ ಹುಡುಗಿ. ಚಿರತೆ ಬೋನಿಗೆ ಬಿದ್ದ ಮರುದಿನವೇ ಬಂದು ನನ್ನ ಎರಡು ಫೋಟೋ ತೆಗೆದುಕೊಂಡು ಹೋಗಿದ್ದರು. ಈಗ ನಾಲ್ಕು ಫೋಟೋಗಳನ್ನು ಹಾಲು ಅಳೆಯುವ ಮೇಜಿನ ಮೇಲೆ ಹರಡಿದರು.

“ಇವೆರಡು ನೀವು ತೆಗೆದಿದ್ದು ಸರ್. ಇವೆರಡು ಬೋನಿಗೆ ಬಿದ್ದ ಚಿರತೆದು. ಡಾಕ್ಟರು ಮಂಪರಿನ ಇಂಜೆಕ್ಷನ್ ಕೊಟ್ಟು ತಪಾಸಣೆ ಮಾಡಿದಾಗ ಎಡಗಡೆ ಒಂದು, ಬಲಗಡೆ ಒಂದು ತೆಗೆದ್ವಿ. ನಿಮ್ಮ ಶನಿವಾರದ್ದು ಅದರ ಎಡಮೈ. ಸೋಮವಾರದ್ದು ಬಲಮೈ. ನೋಡಿ, ಈ ಮುರಿದ ಬಳೆ ಥರದ ಮಚ್ಚೆ ಇಲ್ಲೂ ಇದೆ.”

ನೋಡಿದೆ. ಇತ್ತು. ಅದರ ಪಕ್ಕದ್ದೂ ಇತ್ತು, ಅದರ ಕೆಳಗಿನದೂ.

“ಒಂದೇ ಪ್ರಾಣಿಗೆ ಎರಡೂ ಕಡೆ ಬೇರೆ ಬೇರೆ ಮಚ್ಚೆನಾ?”

“ಹೌದು ಸರ್. ಅದಕ್ಕೇ ನಾವು ಒಂದು ಕ್ಯಾಮೆರಾ ಇಡಲ್ಲ. ಎದುರುಬದುರು ಎರಡು ಇಡ್ತೀವಿ. ನಿಮ್ಮೂರ ಸುತ್ತ ಆರು ಕಡೆ ಎಂಟು ದಿನ ಇಟ್ಟಿದ್ವಿ, ಬೇರೆ ಚಿರತೆ ಒಂದೂ ಬಿದ್ದಿಲ್ಲ. ಮುಂದೆ ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಕೊಟ್ಟಿಗೆ ಬಾಗಿಲು ಹಾಕಿ, ಹಗಲಲ್ಲೇ ಇಬ್ಬಿಬ್ಬರು ಹೋಗಿ. ಆದ್ರೆ ಬೋನು ಇವತ್ತೇ ತೆಗೀಬೇಕು. ಇಲ್ಲದ ಚಿರತೆಗೆ ಇಟ್ಟ ಬೋನಿಗೆ ಎಲ್ಲಿಂದಲೋ ಎಲ್ಲಿಗೋ ಹೋಗ್ತಿರೋ ಪ್ರಾಣಿ ಬಂದು ಬೀಳುತ್ತೆ, ಪಾಪ.”

ನಾಚಿಕೆಯಾಗಬೇಕಿತ್ತು. ಆಮೇಲೆ ಆಯಿತು ಕೂಡ. ಆದರೆ ಮೊದಲು ನೆನಪಾದದ್ದು ಗೌರಿ. ಫೋಟೋಗಳನ್ನು ಬಾಚಿಕೊಂಡು, ಚಪ್ಪಲಿಯನ್ನೂ ಮರೆತು ಓಡಿದೆ.

ಟೆಂಪೊ ಬಂದಿತ್ತು. ಹಸುವಿನ ಮುಂದಿನ ಎರಡು ಕಾಲು ಹಲಗೆಯ ಮೇಲಿದ್ದವು. ತಾಂಡವಪುರದವನು ಹಗ್ಗ ಜಗ್ಗುತ್ತಿದ್ದ. ಚಿಕ್ಕಮಾದಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

“ನಿಲ್ಸಪ್ಪ! ಮಾದಕ್ಕ, ಎರಡನೇ ಚಿರ್ತೆ ಇಲ್ಲ. ಇರಲೇ ಇಲ್ಲ. ನಂದೇ ತಪ್ಪು.”

ಏದುಸಿರು ಬಿಡುತ್ತಾ ಫೋಟೋಗಳನ್ನು ಆಕೆಯ ಕೈಗೆ ಕೊಟ್ಟು, ಎಡಮೈ, ಬಲಮೈ, ಮಚ್ಚೆ, ಹಗಲಲ್ಲಿ ಇಬ್ಬಿಬ್ಬರು ಹೋಗಬೇಕಂತೆ ಎಂದು ತೊದಲಿದೆ. ಆಕೆ ಫೋಟೋ ನೋಡಿದಳು. ತಲೆಯೆತ್ತಿ ಗೌರಿಯನ್ನು ನೋಡಿದಳು. ಆಮೇಲೆ ನಿಧಾನವಾಗಿ ಹಸುವನ್ನು ಒಂದು ಸುತ್ತು ಹಾಕಿ ಬಂದಳು. ಎಡಗಡೆ ಹೊಟ್ಟೆಯ ಮೇಲೆ ದೊಡ್ಡದೊಂದು ಕರಿ ಪಟ್ಟೆ. ಬಲಗಡೆ ಅದರ ಸುಳಿವೇ ಇಲ್ಲ, ಬರೀ ಬಿಳಿ, ತೊಡೆಯ ಹತ್ತಿರ ಸಣ್ಣದೊಂದು ಕರಿ ಚುಕ್ಕೆ.

“ಇನ್ಸೂರೆನ್ಸಿಗೆ ಅಂತ ಇದರ ಎರಡು ಮಗ್ಗುಲಲ್ಲೂ ಫೋಟೋ ತಗ್ದವ್ನು ಯಾರ್ಲಾ?” ಅಂದಳು.

ಈ ಊರಿನ ನೂರಾರು ಹಸುಗಳಿಗೆ ಎರಡೂ ಬದಿಯ ಫೋಟೋ ತೆಗೆದವನು ನಾನೇ.

“ಯಾರ್ಲಾ ತಗ್ದವ್ನು? ಯೋಳು!”

“ನಾನೇ ಅಕ್ಕ.”

“ಹಸೂಗೆ ಎರಡು ಮಗ್ಗುಲದೆ, ಚಿರ್ತೆಗೆ ಒಂದೇ ಮಗ್ಗುಲಾ? ಮಂಕುಮುಂಡೇದೆ! ನನ್ ಹಸೂನ ಮಾರುಸ್ಬುಡ್ತಿದ್ದಲ್ಲೋ!”

ಬೈಯುತ್ತಲೇ ಹೋಗಿ ತಾಂಡವಪುರದವನ ಕೈಯಿಂದ ಹಗ್ಗ ಕಿತ್ತುಕೊಂಡಳು. ಅವನು ಹಲಗೆಯಿಂದ ಪಕ್ಕಕ್ಕೆ ಸರಿದ. ಗೌರಿ ಹಿಂದಕ್ಕೆ ಇಳಿಯಿತು. ಚಿಕ್ಕಮಾದಮ್ಮ ಅದರ ಕೊರಳು ತಬ್ಬಿ ಅತ್ತಳು. ಅಳುವಿನ ನಡುವೆ ನೆನಪಾದಾಗಲೆಲ್ಲ ನನ್ನ ಕಡೆ ತಿರುಗಿ ಬೈದಳು. ಅಷ್ಟು ಬೈಗುಳ ನಾನು ಹುಟ್ಟಿದ ಮೇಲೆ ತಿಂದಿರಲಿಲ್ಲ. ಒಂದೊಂದು ಬೈಗುಳಕ್ಕೂ ಎದೆ ಹಗುರವಾಗುತ್ತಾ ಹೋಯಿತು. ಆಕೆ ನಿಲ್ಲಿಸದಿದ್ದರೆ ಸಾಕು ಅನ್ನಿಸಿತು.

ಕೊನೆಗೆ ಮೂಗು ಒರೆಸಿಕೊಂಡು ಸೂರಿನಿಂದ ಎರಡು ಕುಡುಗೋಲು ಎಳೆದು, ಒಂದನ್ನು ನನ್ನ ಕೈಗಿಟ್ಟಳು.

“ನಡಿ. ಇಬ್ಬಿಬ್ಬರು ಓಗ್ಬೇಕು ಅಂದ್ಯಲ್ಲ. ಇವತ್ತು ಹುಲ್ಲು ಕುಯ್ಯೋದು ನೀನು.”