ಒಂದು ಡೊಮೈನಿಗೆ ಎರಡು ಸಾಲು

ನನಗೆ ಭಾವನನ್ನು ಕಂಡರಾಗುವುದಿಲ್ಲ. ಅವನಿಗೂ ನನ್ನನ್ನು ಕಂಡರಾಗುವುದಿಲ್ಲ. ಇದೊಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರ ಅಭಿಪ್ರಾಯ ಒಂದೇ. ಅಕ್ಕ ಡಾಕ್ಟರು; ರಕ್ತ, ಗಡ್ಡೆ, ಗಂಟುಗಳ ಚೂರು ಪರೀಕ್ಷಿಸುವ ಲ್ಯಾಬ್ ಅವಳದು. ಆಫೀಸು ನೋಡಿಕೊಳ್ಳುವವನು ಭಾವ, ಕಂಪ್ಯೂಟರು ನೋಡಿಕೊಳ್ಳುವವನು ನಾನು. ಹೋದ ವರ್ಷ ಒಂದು ಪ್ರಿಂಟರಿನ ವಿಷಯಕ್ಕೆ ನಾವು ಕೊರಳಪಟ್ಟಿ ಹಿಡಿಯುವವರೆಗೂ ಹೋದಾಗ ಅಕ್ಕ ಕಾನೂನು ಮಾಡಿದಳು: ಅವರ ವಸ್ತು ನೀನು ಮುಟ್ಟಬೇಡ, ನಿನ್ನದನ್ನು ಅವರು ಮುಟ್ಟುವುದಿಲ್ಲ. ಅಂದಿನಿಂದ ಸ್ಟೇಪ್ಲರಿನ ಮೇಲೂ ಮಾರ್ಕರಿನಲ್ಲಿ ಹೆಸರು ಬಿತ್ತು. ನಮ್ಮ ಮಾತೆಲ್ಲ ಅಕ್ಕನ ಮೂಲಕವೇ.

ಆ ಸೋಮವಾರ ಬೆಳಿಗ್ಗೆ ಒಬ್ಬ ಸರ್ಜನ್ ಫೋನ್ ಮಾಡಿ ಅಕ್ಕನಿಗೆ ಮುಖಮೂತಿ ನೋಡದೆ ಬೈದರು. ಅವರ ಮೂವರು ರೋಗಿಗಳ ರಿಪೋರ್ಟು ಹತ್ತೊಂಬತ್ತು ದಿನಗಳಿಂದ ಬಂದಿರಲಿಲ್ಲ. ರಿಪೋರ್ಟುಗಳನ್ನು ಮೇಲ್ ಮಾಡುವುದು ನಮ್ಮ ಟೈಪಿಸ್ಟ್. ನಾಲ್ಕು ವರ್ಷದಿಂದ ಇದ್ದಾಳೆ, ಒಂದು ದಿನವೂ ತಡವಾಗಿ ಬಂದವಳಲ್ಲ.

"ಕಳಿಸಿದೀನಿ ಸರ್, ನೋಡಿ," ಎಂದು ಆಕೆ ತನ್ನ ಪರದೆಯನ್ನು ಭಾವನ ಕಡೆ ತಿರುಗಿಸಿದಳು.

"ಕಳಿಸಿದ್ರೆ ಹೋಗಿ ಸೇರಬೇಕಿತ್ತಲ್ಲಮ್ಮ," ಎಂದ ಭಾವ. "ಸಂಜೆ ಐದಕ್ಕೆ ಬೀಗದ ಕೈ ಕೊಟ್ಟು ಹೋಗು. ನಾಳೆಯಿಂದ ಬರೋದು ಬೇಡ."

ಅಕ್ಕ ತಡೆಯಲಿಲ್ಲ. ತಪ್ಪು ಇವರದು ಎಂದು ಸರ್ಜನ್ನಿಗೆ ಯಾರನ್ನಾದರೂ ತೋರಿಸಬೇಕಿತ್ತು. ಟೈಪಿಸ್ಟ್ ನನ್ನ ಕಡೆ ನೋಡಿದಳು. ಆಕೆಯ ಮೇಲಿನ ಕನಿಕರಕ್ಕಿಂತ ಭಾವನಿಗೆ ಮಂಗಳಾರತಿ ಮಾಡುವ ಆಸೆಯೇ ನನಗೆ ಹೆಚ್ಚಾಗಿತ್ತು, ಸುಳ್ಳೇಕೆ ಹೇಳಲಿ. ಐದರೊಳಗೆ ಕಾರಣ ಹುಡುಕುತ್ತೇನೆ ಎಂದು ಅಕ್ಕನಿಗೆ ಹೇಳಿ ಕೂತೆ.

ಮೊದಲು ಸರ್ಜನ್ನರ ಕ್ಲಿನಿಕ್ಕಿಗೆ ಫೋನ್ ಮಾಡಿ ಸ್ಪ್ಯಾಮ್ ಪೆಟ್ಟಿಗೆ ತೆರೆಸಿದೆ. ಮೂರೂ ರಿಪೋರ್ಟು ಅಲ್ಲೇ ಬಿದ್ದಿದ್ದವು, ಲಾಟರಿ ಗೆದ್ದಿದ್ದೀರಿ ಎನ್ನುವ ಮೇಲುಗಳ ನಡುವೆ. ಟೈಪಿಸ್ಟ್ ಕಳಿಸಿದ್ದು ನಿಜ. ನಮ್ಮ ಮೇಲ್ ಎಂದು ಆ ಕಡೆಯ ಸರ್ವರ್ ನಂಬಿಲ್ಲ, ಅಷ್ಟೇ.

ಹಾಗಾದರೆ ಕೆಟ್ಟಿರುವುದು ಡಿಎನ್‌ಎಸ್, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಲ್ಯಾಬಿನ ಹೆಸರಿಗೆ, ಅದೇ ಡೊಮೈನಿಗೆ, ಸೇರಿದ ವಿವರಗಳ ಪಟ್ಟಿ. ಅಲ್ಲಿ ಎಸ್‌ಪಿಎಫ್ ಎನ್ನುವ ಒಂದು ಸಾಲಿರುತ್ತದೆ. ನಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಯಾವ ಸರ್ವರಿಗೆ ಹಕ್ಕಿದೆ ಎಂದು ಊರಿಗೆಲ್ಲ ಹೇಳುವ ಸಾಲು ಅದು. ಒಂದು ಡೊಮೈನಿಗೆ ಒಂದೇ ಇರಬೇಕು. ಎರಡಿದ್ದರೆ ನೋಡುವವರು ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೆರೆದು ನೋಡಿದರೆ, ಎರಡಿದ್ದವು. ಒಂದು ನಮ್ಮ ಮೇಲ್ ಸರ್ವರಿನದು. ಇನ್ನೊಂದು ರೋಗಿಗಳಿಗೆ "ತಪಾಸಣೆಗೆ ಬನ್ನಿ" ಎಂದು ನೆನಪಿಸಲು ಭಾವ ಗೊತ್ತುಮಾಡಿಕೊಂಡಿದ್ದ ಯಾವುದೋ ಕಂಪನಿಯದು.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಕ್ಕನ ಕಾನೂನು ಇವತ್ತೊಂದು ದಿನ ಪಕ್ಕಕ್ಕಿರಲಿ ಎಂದು ಎರಡೂ ಸರ್ವರುಗಳನ್ನು ಒಂದೇ ಸಾಲಿಗೆ ಸೇರಿಸಿ ಇನ್ನೊಂದನ್ನು ಅಳಿಸಿದೆ. ಅರ್ಧ ಗಂಟೆ ಬಿಟ್ಟು ಕ್ಲಿನಿಕ್ಕಿಗೆ ಒಂದು ಮೇಲ್ ಕಳಿಸಿದರೆ ನೆಟ್ಟಗೆ ಇನ್‌ಬಾಕ್ಸಿಗೇ ಹೋಯಿತು. ಭಾವನ ಮುಖಕ್ಕೆ ಹಿಡಿಯಲೆಂದು, ಯಾವ ಸಾಲು ಯಾರು ಯಾವಾಗ ಬರೆದರು ಎನ್ನುವ ಪಟ್ಟಿಯನ್ನು ಪ್ರಿಂಟ್ ತೆಗೆದೆ.

ಅವನ ಸಾಲು ಮೂರನೆಯ ತಾರೀಖಿನದು. ಹಳೆಯ ಸರ್ವರ್ ತೆಗೆದು ಹೊಸದು ಹಾಕಿದ ದಿನ ನಾನು ಬರೆದದ್ದು ನಾಲ್ಕನೆಯ ತಾರೀಖಿನದು.

ಆಗ ಎಲ್ಲ ನೆನಪಾಯಿತು. ನಾನು ಹಳೆಯ ಸಾಲು ಅಳಿಸಲು ಹೋದಾಗ ಅವನದು ಅಲ್ಲೇ ಇತ್ತು, ನಾನು ನೋಡಿದ್ದೆ. ಎರಡಿರಬಾರದು ಎಂಬುದೂ ನನಗೆ ಗೊತ್ತಿತ್ತು. ಭಾವನಿಗೆ ಅದು ಗೊತ್ತಿರಲಿಕ್ಕಿಲ್ಲ, ಅವನು ಕಂಪನಿಯವರು ಹೇಳಿದ್ದನ್ನು ಅಂಟಿಸಿದ್ದ. ಅವನ ಸಾಲು ಮುಟ್ಟಬೇಕಾದರೆ ಅವನನ್ನು ಕೇಳಬೇಕಿತ್ತು. ಕೇಳುವುದಕ್ಕಿಂತ ಸಾಯುವುದು ಮೇಲು ಎಂದುಕೊಂಡು, ಕೆಟ್ಟರೆ ಅವನ ಮೇಲುಗಳೇ ಕೆಡಲಿ ಎಂದು ಅದರ ಕೆಳಗೆ ನನ್ನದನ್ನು ಬರೆದು ಎದ್ದಿದ್ದೆ.

ಐದಕ್ಕೆ ಹತ್ತು ನಿಮಿಷವಿತ್ತು. ಕಾಗದ ಹರಿದು ಹಾಕಿ ಭಾವನ ತಪ್ಪು ಎಂದುಬಿಡಬಹುದಿತ್ತು. ಅಕ್ಕ ನಂಬುತ್ತಿದ್ದಳು. ಆದರೆ ಟೈಪಿಸ್ಟ್ ಎದುರಿಗೇ ನಿಂತು ತನ್ನ ಡ್ರಾಯರ್ ಖಾಲಿ ಮಾಡುತ್ತಿದ್ದಳು, ನನಗೆ ಬಾಯಿ ಬರಲಿಲ್ಲ. ಕಾಗದವನ್ನು ಅಕ್ಕನ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಭಾವ ಹಲ್ಲು ಕಿರಿದ. ಒಂದು ವರ್ಷದಲ್ಲಿ ನನ್ನನ್ನೇ ಉದ್ದೇಶಿಸಿ ಅವನಾಡಿದ ಮೊದಲ ಮಾತು, "ಭಲೇ ಕಂಪ್ಯೂಟರ್ ಪಂಡಿತ."

ಅಕ್ಕ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ ಟೈಪಿಸ್ಟ್ ಕಡೆ ತಿರುಗಿದಳು. "ನಿಂದೇನೂ ತಪ್ಪಿಲ್ಲಮ್ಮ. ನಾಳೆ ಮಾಮೂಲಿ ಹಾಗೆ ಬಾ."

ಟೈಪಿಸ್ಟ್ ಅವಳಿಗೆ ಉತ್ತರ ಕೊಡದೆ ನನ್ನನ್ನು ಕೇಳಿದಳು, "ಸರ್, ಅವತ್ತು ನೋಡಿನೂ ಯಾಕೆ ಸರಿ ಮಾಡ್ಲಿಲ್ಲ?"

"ಅದು ಭಾವಂದು. ಕೇಳದೆ ಮುಟ್ಟೋ ಹಾಗಿರ್ಲಿಲ್ಲ."

"ನಾನು ಬರೆದಿದ್ದಾಗಿದ್ರೆ?"

ಸುಳ್ಳು ಹೇಳಲು ಹೊಳೆಯಲಿಲ್ಲ. "ಅಳಿಸಿಬಿಡ್ತಿದ್ದೆ," ಎಂದೆ.

"ಕೇಳದೇನೇ?"

ಆಕೆ ಬೀಗದ ಕೈಗಳನ್ನು ಅಕ್ಕನ ಮೇಜಿನ ಮೇಲಿಟ್ಟಳು.

"ಬೆಳಿಗ್ಗೆ ನನ್ನನ್ನ ತೆಗೆದಿದ್ದೂ ಹಾಗೇ, ಮೇಡಮ್. ಒಬ್ರೂ ಕೇಳ್ಲಿಲ್ಲ," ಎಂದು ಹೇಳಿ ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಕರೆದು ನಿಲ್ಲಿಸಲು ನಮ್ಮ ಮೂವರಲ್ಲಿ ಯಾರಿಗೂ ಮುಖವಿರಲಿಲ್ಲ.